ಕೈಗಾದ ಅಣುತ್ಯಾಜ್ಯ ಉಳ್ಳಾರ್ತಿಗೆ ಬರುತ್ತದೆಯೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

"ಕೈಗಾ ಸ್ಥಾವರ ದೊಡ್ಡದಾಗುತ್ತಿದೆ, ಅಲ್ಲಿನ ವಿಷದ ತ್ಯಾಜ್ಯವನ್ನೆಲ್ಲ ಚಳ್ಳಕೆರೆ ಕಾವಲಿಗೆ ತಂದು ಹೂಳುತ್ತಾರೆ, ಎಲ್ಲರಿಗೂ ತಲುಪಿಸಿ" ಎಂಬ ಧಾಟಿಯ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಅದರ ಬೆನ್ನಿಗೇ "ಅಣು ವಿದ್ಯುತ್ತಿನಿಂದ ಒಂದಿಷ್ಟೂ ಅಪಾಯವಿಲ್ಲ, ವಿರೋಧಿಸುವವರೆಲ್ಲ ದೇಶದ ಪ್ರಗತಿಗೆ ಅಡ್ಡಗಾಲು" ಎಂಬ ಇನ್ನೊಂದು ಸಂದೇಶವೂ ಬರುತ್ತದೆ. ಎರಡರಲ್ಲೂ ಅರ್ಧ ಮಾಹಿತಿ ಇದೆ, ಉಳಿದರ್ಧ ಊಹೆ.

ಕೈಗಾದಲ್ಲಿ ಬಳಸಿದ ಇಂಧನದ ಪ್ರಮಾಣ ಹೆಚ್ಚಿದರೆ ಪರಿಸರಕ್ಕೆ ಏನಾಗುತ್ತದೆ, ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿ ಭಾಗದ ಕಾವಲಿಗೂ ಅದಕ್ಕೂ ಸಂಬಂಧವಿದೆಯೇ, ಜನ ನಿಜಕ್ಕೂ ಕೇಳಬೇಕಾದ ಪ್ರಶ್ನೆಗಳು ಯಾವುವು ಎಂಬುದನ್ನು ಒಂದೊಂದಾಗಿ ನೋಡೋಣ.

ಚುಟುಕು ಉತ್ತರ

• ಉಳ್ಳಾರ್ತಿ ಕಾವಲಿಗೆ ಘೋಷಣೆಯಾಗಿರುವುದು ಯುರೇನಿಯಂ ಸಮೃದ್ಧೀಕರಣ ಘಟಕ. ಅದು ಬಳಸಿದ ಇಂಧನವನ್ನು ಇಡುವ ಜಾಗವಲ್ಲ.

• ಬಳಸಿದ ಇಂಧನದ ಪ್ರಶ್ನೆ ಇರುವುದು ಕೈಗಾದಲ್ಲಿ. ಅಲ್ಲಿ ಎರಡು ದೊಡ್ಡ ರಿಯಾಕ್ಟರ್‌ಗಳು ಸೇರಿದರೆ ವರ್ಷವರ್ಷ ಹೊರಬರುವ ಬಳಸಿದ ಇಂಧನ ಸುಮಾರು ಎರಡೂವರೆ ಪಟ್ಟಾಗುತ್ತದೆ.

• ಸರಿಯಾಗಿ ಇಟ್ಟ ಇಂಧನದಿಂದ ದಿನನಿತ್ಯ ಪರಿಸರಕ್ಕೆ ಸೇರುವುದು ಬಹಳ ಕಡಿಮೆ. ನಿಜವಾದ ಚಿಂತೆ ಸೋರಿಕೆ, ಸಾಗಣೆ, ಪ್ರಕೃತಿ ವಿಕೋಪ ಮತ್ತು "ತಾತ್ಕಾಲಿಕ" ಎಂದದ್ದು ಎಷ್ಟು ವರ್ಷ ಎಂಬುದು.

• ಎರಡೂ ಊರಿನವರು ಮಾಡಿಸಬೇಕಾದ ಮೊದಲ ಕೆಲಸ ಒಂದೇ: ನೀರಿನಲ್ಲಿ, ಮಣ್ಣಿನಲ್ಲಿ ಇವತ್ತು ಏನಿದೆ ಎಂದು ಅಳೆದು ದಾಖಲಿಸುವುದು.

ಬಳಸಿದ ಇಂಧನ ಎಂದರೇನು?

ಕೈಗಾ ಇರುವುದು ಉತ್ತರ ಕನ್ನಡದ ಕಾರವಾರ ತಾಲ್ಲೂಕಿನಲ್ಲಿ, ಕಾಳಿ ನದಿಯ ಕದ್ರಾ ಜಲಾಶಯದ ಪಕ್ಕ. ಅಲ್ಲಿ ಈಗ ತಲಾ 220 ಮೆಗಾವ್ಯಾಟ್‌ನ ನಾಲ್ಕು ರಿಯಾಕ್ಟರ್‌ಗಳಿವೆ. ಮೊದಲ ಎರಡು 2000ರಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು.

ಇವುಗಳಲ್ಲಿ ಉರಿಯುವುದು ನೈಸರ್ಗಿಕ ಯುರೇನಿಯಂ. ಅದನ್ನು ಬಿಲ್ಲೆಗಳಾಗಿ ಮಾಡಿ, ಜಿರ್ಕೋನಿಯಂ ಮಿಶ್ರಲೋಹದ ಕೊಳವೆಗಳಲ್ಲಿ ತುಂಬಿ, ಅಂಥ 19 ಕೊಳವೆಗಳನ್ನು ಸೇರಿಸಿ ಒಂದು ಕಟ್ಟು ಮಾಡುತ್ತಾರೆ. ಸೌದೆ ಕಟ್ಟಿನ ಹಾಗೆ ಕಾಣುವ ಈ ಕಟ್ಟಿನ ಉದ್ದ ಸುಮಾರು ಅರ್ಧ ಮೀಟರ್, ತೂಕ ಹದಿನಾರು ಕಿಲೋ ಆಸುಪಾಸು.

ಸೌದೆ ಉರಿದರೆ ಬೂದಿಯಾಗುತ್ತದೆ, ಬೂದಿ ತಣ್ಣಗಾಗುತ್ತದೆ. ಯುರೇನಿಯಂ ಕಟ್ಟು ಹಾಗಲ್ಲ. ಹೊರತೆಗೆದಾಗ ನೋಡಲು ಮೊದಲಿನಂತೆಯೇ ಇರುತ್ತದೆ. ಆದರೆ ಒಳಗೆ ಸೀಸಿಯಂ, ಸ್ಟ್ರಾನ್ಷಿಯಂ, ಪ್ಲುಟೋನಿಯಂ ಮುಂತಾದ ಹೊಸ ಧಾತುಗಳು ಹುಟ್ಟಿಕೊಂಡಿರುತ್ತವೆ. ಅವು ತಾವಾಗಿಯೇ ಒಡೆಯುತ್ತ ಶಾಖ ಮತ್ತು ವಿಕಿರಣ ಸೂಸುತ್ತಲೇ ಇರುತ್ತವೆ. ಆಗತಾನೇ ತೆಗೆದ ಕಟ್ಟಿನ ಹತ್ತಿರ ಯಾವ ರಕ್ಷಣೆಯೂ ಇಲ್ಲದೆ ಕೆಲವೇ ನಿಮಿಷ ನಿಂತರೂ ಪ್ರಾಣಕ್ಕೆ ಅಪಾಯ. ಆದ್ದರಿಂದ ಆ ಕೆಲಸವನ್ನೆಲ್ಲ ಯಂತ್ರಗಳೇ ದಪ್ಪ ಗೋಡೆಯಾಚೆ ಮಾಡುತ್ತವೆ.

ಮೊದಲ ಒಂದು ವರ್ಷದಲ್ಲೇ ವಿಕಿರಣದ ಬಹುಪಾಲು ಇಳಿದುಹೋಗುತ್ತದೆ. ಉಳಿದದ್ದು ನಿಧಾನ. ಸೀಸಿಯಂ-137 ಅರ್ಧಕ್ಕಿಳಿಯಲು ಸುಮಾರು 30 ವರ್ಷ ಬೇಕು, ಸಾವಿರದಲ್ಲಿ ಒಂದು ಪಾಲಿಗೆ ಇಳಿಯಲು ಸುಮಾರು 300 ವರ್ಷ. ಪ್ಲುಟೋನಿಯಂ-239 ಅರ್ಧಕ್ಕಿಳಿಯಲು 24,000 ವರ್ಷ.

ಕೈಗಾದಲ್ಲಿ ಎಷ್ಟು ಹೆಚ್ಚಾಗುತ್ತದೆ?

ಕೈಗಾದಲ್ಲಿ 5 ಮತ್ತು 6ನೇ ಘಟಕಗಳಾಗಿ ತಲಾ 700 ಮೆಗಾವ್ಯಾಟ್‌ನ ಎರಡು ರಿಯಾಕ್ಟರ್ ಕಟ್ಟುವ ಯೋಜನೆ ಇದೆ. ಇದರ ಸಾರ್ವಜನಿಕ ಅಹವಾಲು ಸಭೆ 2018ರ ಡಿಸೆಂಬರ್ 15ರಂದು ನಡೆಯಿತು. ಸಭೆಯಲ್ಲಿ ಸ್ಥಳೀಯರ ವಿರೋಧ ವ್ಯಕ್ತವಾಯಿತು. 2019ರ ಆಗಸ್ಟ್‌ನಲ್ಲಿ ಕೇಂದ್ರದ ಪರಿಸರ ಅನುಮತಿ ಸಿಕ್ಕಿತು.

ಲೆಕ್ಕ ಸರಳ. ಈ ಮಾದರಿಯ 220 ಮೆಗಾವ್ಯಾಟ್ ರಿಯಾಕ್ಟರ್ ಚೆನ್ನಾಗಿ ಓಡಿದರೆ ವರ್ಷಕ್ಕೆ ಹೆಚ್ಚುಕಡಿಮೆ 30ರಿಂದ 35 ಟನ್ ಯುರೇನಿಯಂ ಉರಿದು ಹೊರಬರುತ್ತದೆ. ನಾಲ್ಕಕ್ಕೆ 120ರಿಂದ 140 ಟನ್. ಹೊಸ ಎರಡೂ ಅದೇ ಬಗೆಯ ಇಂಧನ ಬಳಸುತ್ತವೆ. ಸ್ಥಾವರದ ಒಟ್ಟು ಸಾಮರ್ಥ್ಯ 880ರಿಂದ 2,280 ಮೆಗಾವ್ಯಾಟ್‌ಗೆ ಏರುವುದರಿಂದ ಬಳಸಿದ ಇಂಧನವೂ ಅದೇ ಅನುಪಾತದಲ್ಲಿ ಏರಿ ವರ್ಷಕ್ಕೆ 300 ಟನ್ ದಾಟುತ್ತದೆ.

300 ಟನ್ ಎಂದರೆ ಗುಡ್ಡದಷ್ಟು ಎಂದುಕೊಳ್ಳಬೇಡಿ. ಯುರೇನಿಯಂ ಕಬ್ಬಿಣಕ್ಕಿಂತಲೂ ಭಾರ. ಗಾತ್ರದ ಲೆಕ್ಕದಲ್ಲಿ ಒತ್ತಿ ತುಂಬಿದರೆ ಮೂರ್ನಾಲ್ಕು ಟಿಪ್ಪರ್‌ನಷ್ಟು. ಇಲ್ಲಿ ಗಾತ್ರ ಸಮಸ್ಯೆಯಲ್ಲ. ಅದನ್ನು ಎಷ್ಟು ಕಾಲ, ಎಷ್ಟು ಜಾಗ್ರತೆಯಿಂದ ಕಾಯಬೇಕು ಎಂಬುದು ಸಮಸ್ಯೆ.

ಎಲ್ಲಿ, ಹೇಗೆ ಇಡುತ್ತಾರೆ?

ಮೊದಲ ಹಂತ ನೀರಿನ ಕೊಳ. ಸ್ಥಾವರದ ಒಳಗೇ ದಪ್ಪ ಕಾಂಕ್ರೀಟ್‌ನ, ಉಕ್ಕಿನ ಒಳಹೊದಿಕೆಯ ಆಳವಾದ ತೊಟ್ಟಿ ಇರುತ್ತದೆ. ಮೇಲಿನ ಕೆಲವು ಮೀಟರ್ ನೀರು ಶಾಖವನ್ನೂ ಹೀರುತ್ತದೆ, ವಿಕಿರಣವನ್ನೂ ತಡೆಯುತ್ತದೆ. ಈ ಮಾದರಿಯ ಸ್ಥಾವರಗಳಲ್ಲಿ ಕೊಳವನ್ನು ಸಾಮಾನ್ಯವಾಗಿ ಹತ್ತು ವರ್ಷದ ಇಂಧನ ಹಿಡಿಯುವಂತೆ ಕಟ್ಟಿರುತ್ತಾರೆ.

ಕೊಳ ತುಂಬುತ್ತ ಬಂದಾಗ ಮೂರು ದಾರಿಗಳಿವೆ. ಒಂದು, ಮರುಸಂಸ್ಕರಣೆಗೆ ಕಳಿಸುವುದು. ಭಾರತ ಬಳಸಿದ ಇಂಧನವನ್ನು ಕಸ ಎಂದು ಪರಿಗಣಿಸುವುದಿಲ್ಲ, ಅದರಿಂದ ಪ್ಲುಟೋನಿಯಂ ಮತ್ತು ಉಳಿದ ಯುರೇನಿಯಂ ಬೇರ್ಪಡಿಸುವ ನೀತಿ ನಮ್ಮದು. ಅಂಥ ಘಟಕಗಳು ಟ್ರಾಂಬೆ, ತಾರಾಪುರ, ಕಲ್ಪಾಕ್ಕಂನಲ್ಲಿವೆ. ಎರಡು, ಸಾಕಷ್ಟು ತಣಿದ ಇಂಧನವನ್ನು ಕಾಂಕ್ರೀಟ್ ಮತ್ತು ಉಕ್ಕಿನ ಒಣ ಪೀಪಾಯಿಗಳಲ್ಲಿ ಇಡುವುದು. ರಾಜಸ್ಥಾನದ ರಾವತ್‌ಭಾಟಾದಲ್ಲಿ ಹೀಗೆ ಮಾಡಿದ್ದಾರೆ. ಮೂರು, ರಿಯಾಕ್ಟರ್‌ನಿಂದ ಬೇರೆಯಾದ ಇನ್ನೊಂದು ದೊಡ್ಡ ಸಂಗ್ರಹಾಗಾರ ಕಟ್ಟುವುದು.

ತಮಿಳುನಾಡಿನ ಕೂಡಂಕುಳಂನಲ್ಲಿ ವಿವಾದವಾದದ್ದು ಈ ಮೂರನೆಯದು. ಸುಪ್ರೀಂ ಕೋರ್ಟ್ 2013ರ ಮೇ ತಿಂಗಳ ತೀರ್ಪಿನಲ್ಲಿ ಅಂಥ ಸಂಗ್ರಹಾಗಾರವನ್ನೂ ಶಾಶ್ವತ ಭೂಗರ್ಭ ಭಂಡಾರವನ್ನೂ ಬೇಗ ಮಾಡಬೇಕೆಂದು ಸೂಚಿಸಿತ್ತು. 2019ರ ಜುಲೈನಲ್ಲಿ ಸಂಗ್ರಹಾಗಾರದ ಅಹವಾಲು ಸಭೆ ನಿಗದಿಯಾದಾಗ ಭಾರಿ ವಿರೋಧ ಬಂದು ಸಭೆ ಮುಂದಕ್ಕೆ ಹೋಯಿತು. "ತಾತ್ಕಾಲಿಕ ಎಂದರೆ ಎಷ್ಟು ವರ್ಷ?" ಎಂಬುದು ಅಲ್ಲಿನ ಜನರ ಮುಖ್ಯ ಪ್ರಶ್ನೆಗಳಲ್ಲೊಂದಾಗಿತ್ತು. ಆ ಪ್ರಶ್ನೆ ಕೈಗಾಕ್ಕೂ ಸಲ್ಲುತ್ತದೆ.

ಸಂಗ್ರಹ ಹೆಚ್ಚಿದರೆ ಪರಿಸರಕ್ಕೆ ಏನಾಗುತ್ತದೆ?

ಶಾಖ: ಇದು ಚಿಕ್ಕ ವಿಷಯ. ಹತ್ತು ವರ್ಷ ತಣಿದ ಒಂದು ಕಟ್ಟು ಕೊಡುವ ಶಾಖ ಕೆಲವೇ ವ್ಯಾಟ್, ಒಂದು ಎಲ್‌ಇಡಿ ಬಲ್ಬ್‌ನಷ್ಟು. ಕದ್ರಾ ಜಲಾಶಯದ ನೀರು ಬಿಸಿಯಾಗುವ ಚರ್ಚೆ ಬೇರೆ. ಅದಕ್ಕೆ ಕಾರಣ ಓಡುತ್ತಿರುವ ರಿಯಾಕ್ಟರ್‌ಗಳು. ಅವು ಹುಟ್ಟಿಸುವ ಶಾಖದಲ್ಲಿ ಮೂರನೇ ಎರಡು ಪಾಲಿಗಿಂತ ಹೆಚ್ಚು ವಿದ್ಯುತ್ತಾಗದೆ ಹೊರಹೋಗುತ್ತದೆ. ಎರಡನ್ನೂ ಬೆರೆಸಬೇಡಿ.

ನೇರ ವಿಕಿರಣ: ನೀರು, ಕಾಂಕ್ರೀಟ್ ಮತ್ತು ದೂರ ಇವುಗಳಿಂದ ಇದು ಬೇಲಿಯಾಚೆ ಬಹಳ ಇಳಿದಿರುತ್ತದೆ. ಸಾರ್ವಜನಿಕರಿಗೆ ಸ್ಥಾವರದಿಂದ ತಗಲಬಹುದಾದ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್. ನೆಲ, ಕಲ್ಲು, ಗಾಳಿ, ಆಕಾಶದಿಂದ ಪ್ರಪಂಚದ ಜನರಿಗೆ ಸರಾಸರಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್ ಹೇಗೂ ತಗಲುತ್ತದೆ.

ನೀರಿಗೆ ಸೋರಿಕೆ: ಇದನ್ನು ಗಂಭೀರವಾಗಿ ನೋಡಬೇಕು. ಕೊಳದ ಕಾಂಕ್ರೀಟ್ ಮತ್ತು ಒಳಹೊದಿಕೆ ದಶಕಗಳ ಕಾಲ ನೀರಿನಲ್ಲಿ ನಿಂತಿರುತ್ತವೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಇಂಡಿಯನ್ ಪಾಯಿಂಟ್ ಸ್ಥಾವರದಲ್ಲಿ 2005ರಲ್ಲಿ ಇಂಧನ ಕೊಳದ ಗೋಡೆಯ ಬಿರುಕಿನಿಂದ ನೀರು ಒಸರುವುದು ಕಂಡುಬಂತು, ಅಂತರ್ಜಲದಲ್ಲಿ ಟ್ರಿಷಿಯಂ ಸಿಕ್ಕಿತು. ಇಂಥ ಸೋರಿಕೆ ಸದ್ದು ಮಾಡುವುದಿಲ್ಲ. ಸುತ್ತ ಪರೀಕ್ಷಾ ಬಾವಿಗಳಿದ್ದು, ಅವುಗಳ ನೀರನ್ನು ಬಿಡದೆ ಪರೀಕ್ಷಿಸಿದರೆ ಮಾತ್ರ ಗೊತ್ತಾಗುತ್ತದೆ. ಕೈಗಾದಲ್ಲಿ ನೀರು, ಮಣ್ಣು, ಹಾಲು, ಮೀನಿನ ಮಾದರಿ ಪರೀಕ್ಷಿಸುವ ಪರಿಸರ ಸಮೀಕ್ಷಾ ಪ್ರಯೋಗಾಲಯ ಇದೆ. ಸಂಗ್ರಹ ಹೆಚ್ಚಿದಂತೆ ಅದರ ಅಂಕಿಅಂಶಗಳು ಕನ್ನಡದಲ್ಲಿ, ಪಂಚಾಯಿತಿ ಮಟ್ಟದಲ್ಲಿ ಸಿಗಬೇಕೆಂದು ಕೇಳುವುದು ನ್ಯಾಯವಾದ ಬೇಡಿಕೆ.

ಮಳೆ, ಗುಡ್ಡ, ಅಣೆಕಟ್ಟು: ಕೈಗಾ ಪಶ್ಚಿಮ ಘಟ್ಟದ ಮಡಿಲಲ್ಲಿದೆ. 2019 ಮತ್ತು 2021ರ ಮಳೆಗಾಲದಲ್ಲಿ ಕದ್ರಾದಿಂದ ಬಿಟ್ಟ ನೀರಿನಿಂದ ಕಾಳಿ ತೀರದ ಹಳ್ಳಿಗಳು ಮುಳುಗಿದವು. 2024ರ ಜುಲೈ 16ರಂದು ಅದೇ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಯಿತು. ಕೊಳ ಇರುವ ಕಟ್ಟಡ ಗಟ್ಟಿಯಾಗಿದ್ದರೂ ಅಲ್ಲಿಗೆ ಹೋಗುವ ರಸ್ತೆ, ವಿದ್ಯುತ್ ತಂತಿ, ಪಂಪುಗಳು ಕೆಲಸ ಮಾಡಬೇಕು. ಜಪಾನಿನ ಫುಕುಶಿಮಾದಲ್ಲಿ 2011ರಲ್ಲಿ ಕರೆಂಟ್ ಹೋದಾಗ 4ನೇ ಘಟಕದ ಕೊಳ ಬತ್ತಿಹೋಗುತ್ತದೆಂದು ಜಗತ್ತೇ ಹೆದರಿತ್ತು. ಆಮೇಲೆ ನೋಡಿದರೆ ಇಂಧನ ನೀರಿನಲ್ಲೇ ಇತ್ತು. 2014ರ ಡಿಸೆಂಬರ್ ಹೊತ್ತಿಗೆ ಅದನ್ನೆಲ್ಲ ಹೊರತೆಗೆದರು. ಅದೇ ಆವರಣದಲ್ಲಿ ಒಣ ಪೀಪಾಯಿಗಳಲ್ಲಿದ್ದ ಇಂಧನ ಸುನಾಮಿಯನ್ನೂ ತಾಳಿಕೊಂಡಿತು. ಒಣ ಪೀಪಾಯಿಗೆ ಪಂಪೂ ಬೇಡ, ಕರೆಂಟೂ ಬೇಡ. ಹಳೆಯ ಇಂಧನವನ್ನು ಕೊಳದಲ್ಲೇ ಒತ್ತೊತ್ತಾಗಿ ಇಡುವುದಕ್ಕಿಂತ ಒಣ ಸಂಗ್ರಹಕ್ಕೆ ಸರಿಸುವುದು ಲೇಸೆಂದು ಹಲವು ತಜ್ಞರು ಹೇಳುವುದು ಇದಕ್ಕೇ.

ಸಾಗಣೆ: ಮರುಸಂಸ್ಕರಣೆಗೆ ಕಳಿಸುವಾಗ ಇಂಧನ ಊರು ದಾಟಿ ಹೋಗಲೇಬೇಕು. ಅದಕ್ಕೆ ಬಳಸುವ ಪೀಪಾಯಿಗಳು 9 ಮೀಟರ್ ಎತ್ತರದಿಂದ ಬಿದ್ದರೂ, 800 ಡಿಗ್ರಿ ಬೆಂಕಿಯಲ್ಲಿ 30 ನಿಮಿಷ ಇದ್ದರೂ ಒಡೆಯಬಾರದೆಂಬ ಅಂತರರಾಷ್ಟ್ರೀಯ ನಿಯಮವಿದೆ. ಇಂಧನ ಹೆಚ್ಚಿದಷ್ಟೂ ಸಾಗಣೆಯ ಸಲಗಳೂ ಹೆಚ್ಚು. ದಾರಿಯ ಊರುಗಳ ಅಗ್ನಿಶಾಮಕ ದಳ, ಪೊಲೀಸರಿಗೆ ತರಬೇತಿ ಇದೆಯೇ ಎಂದು ಕೇಳಬೇಕಾದದ್ದು ಇಲ್ಲಿ.

ಕಾಡು: ಇಂಧನ ಇಡಲು ಬೇಕಾದ ಜಾಗ ಕಡಿಮೆ. ಆದರೆ ಇಡೀ ವಿಸ್ತರಣೆಗೆ ಸುಮಾರು 54 ಹೆಕ್ಟೇರ್ ಅರಣ್ಯ, ಎಂಟು ಸಾವಿರಕ್ಕೂ ಹೆಚ್ಚು ಮರಗಳ ಲೆಕ್ಕ ಕೊಡಲಾಗಿದೆ. ವಿಕಿರಣದ ಭಯದಲ್ಲಿ ಈ ಕಣ್ಣಿಗೆ ಕಾಣುವ ನಷ್ಟ ಮರೆತುಹೋಗುತ್ತದೆ.

ಹರಿದಾಡುವ ನಂಬಿಕೆಗಳು

"ಕೊಳದಲ್ಲಿರುವ ಇಂಧನ ಅಣುಬಾಂಬಿನಂತೆ ಸಿಡಿಯುತ್ತದೆ." ಇಲ್ಲ. ನೈಸರ್ಗಿಕ ಯುರೇನಿಯಂ ಕಟ್ಟುಗಳಲ್ಲಿ ಸಾಮಾನ್ಯ ನೀರಿನಲ್ಲಿ ಸರಪಳಿ ಕ್ರಿಯೆ ನಡೆಯುವುದೇ ಇಲ್ಲ. ಅಲ್ಲಿರುವ ಅಪಾಯ ಸೋರಿಕೆಯದು, ಸ್ಫೋಟದ್ದಲ್ಲ.

"ಕೈಗಾದಲ್ಲಿ ಕುಡಿಯುವ ನೀರಿಗೇ ವಿಕಿರಣ ಬೆರೆತಿತ್ತು." ಇದರಲ್ಲಿ ನಿಜವಿದೆ. 2009ರ ನವೆಂಬರ್‌ನಲ್ಲಿ ಸ್ಥಾವರದೊಳಗಿನ ಒಂದು ಕುಡಿಯುವ ನೀರಿನ ಕೂಲರ್‌ಗೆ ಟ್ರಿಷಿಯಂ ಇರುವ ಭಾರಜಲ ಸೇರಿ 50ಕ್ಕೂ ಹೆಚ್ಚು ನೌಕರರ ದೇಹಕ್ಕೆ ಹೋಯಿತು. ಯಾರೋ ಬೇಕೆಂದೇ ಬೆರೆಸಿದ್ದಾರೆಂದು ಅಧಿಕಾರಿಗಳು ಹೇಳಿದರು. ಬಳಸಿದ ಇಂಧನದ ಕೊಳಕ್ಕೂ ಇದಕ್ಕೂ ಸಂಬಂಧವಿರಲಿಲ್ಲ, ಊರಿನ ನೀರಿಗೂ ಅಲ್ಲ. ಅದು ಪತ್ತೆಯಾದದ್ದು ನೌಕರರ ಮಾಮೂಲಿ ಮೂತ್ರ ಪರೀಕ್ಷೆಯಲ್ಲಿ. ನಿಯಮಿತ ಪರೀಕ್ಷೆ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

"ನಮ್ಮೂರಲ್ಲಿ ಇಷ್ಟು ಜನಕ್ಕೆ ಕ್ಯಾನ್ಸರ್, ಇದೇ ಸಾಕ್ಷಿ." ಒಂದು ಊರಿನ ಎಣಿಕೆಯಿಂದ ಇದನ್ನು ಹೌದು ಎನ್ನಲೂ ಆಗದು, ಅಲ್ಲ ಎನ್ನಲೂ ಆಗದು. ವಯಸ್ಸು, ತಂಬಾಕು, ತಪಾಸಣೆಯ ಪ್ರಮಾಣ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು, ದೂರದ ಊರುಗಳೊಂದಿಗೆ ಹೋಲಿಸಬೇಕು. ಅದಕ್ಕೆ ವರ್ಷಗಟ್ಟಲೆ ನಡೆಯುವ ಕ್ಯಾನ್ಸರ್ ನೋಂದಣಿ ಬೇಕು. ಜನ ಕೇಳಬೇಕಾದದ್ದು ಅದನ್ನು.

"ಕೋಲಾರದ ಚಿನ್ನದ ಗಣಿಯಲ್ಲಿ ತ್ಯಾಜ್ಯ ತುಂಬಿದ್ದಾರೆ." 2012ರ ನವೆಂಬರ್‌ನಲ್ಲಿ ಕೂಡಂಕುಳಂ ಪ್ರಕರಣದ ವೇಳೆ ಸುಪ್ರೀಂ ಕೋರ್ಟ್‌ನಲ್ಲಿ ಕೋಲಾರದ ಗಣಿಯ ಹೆಸರು ಬಂತು, ಜಿಲ್ಲೆಯಲ್ಲಿ ಪ್ರತಿಭಟನೆ ಎದ್ದಿತು. ಕೆಲವೇ ದಿನಗಳಲ್ಲಿ ಅಂಥ ಯೋಜನೆ ಇಲ್ಲವೆಂದು ಕೇಂದ್ರ ಸ್ಪಷ್ಟಪಡಿಸಿತು. ಈ ಮಾತಿನ ಬೇರು 1980ರ ದಶಕದ್ದು. ಆಗ ಗಣಿಯ ಒಂದು ಕೈಬಿಟ್ಟ ಭಾಗದಲ್ಲಿ, ಸುಮಾರು ಒಂದು ಕಿಲೋಮೀಟರ್ ಆಳದಲ್ಲಿ, ಶಾಖಕ್ಕೆ ಬಂಡೆ ಹೇಗೆ ವರ್ತಿಸುತ್ತದೆಂದು ಹೀಟರ್ ಇಟ್ಟು ಪ್ರಯೋಗ ಮಾಡಿದ್ದರು. ಭಾರತದಲ್ಲಿ ಶಾಶ್ವತ ಭೂಗರ್ಭ ಭಂಡಾರ ಇನ್ನೂ ಎಲ್ಲೂ ಇಲ್ಲ.

ಹಾಗಾದರೆ ಉಳ್ಳಾರ್ತಿಯಲ್ಲಿ ಇರುವುದೇನು?

ಕೈಗಾದಿಂದ ಚಳ್ಳಕೆರೆಗೆ ನೇರ ಗೆರೆ ಎಳೆದರೂ ಸುಮಾರು 250 ಕಿಲೋಮೀಟರ್. ಇಲ್ಲಿನ ಕಥೆಯೇ ಬೇರೆ.

ಚಳ್ಳಕೆರೆ ತಾಲ್ಲೂಕಿನ ಅಮೃತ ಮಹಲ್ ಕಾವಲುಗಳಲ್ಲಿ ಸಾವಿರಾರು ಎಕರೆಯನ್ನು ರಾಜ್ಯ ಸರ್ಕಾರ ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೆ ಹಂಚಿತು. ಭಾಭಾ ಕೇಂದ್ರಕ್ಕೆ ಉಳ್ಳಾರ್ತಿ ಕಾವಲಿನಲ್ಲಿ ಸಿಕ್ಕಿದ್ದು ಸುಮಾರು 1,800 ಎಕರೆ. ಇಲ್ಲಿ ಯುರೇನಿಯಂ ಸಮೃದ್ಧೀಕರಣ ಘಟಕ ಬರುವುದಾಗಿ 2011ರಲ್ಲಿ ಅಂದಿನ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷ ಶ್ರೀಕುಮಾರ್ ಬ್ಯಾನರ್ಜಿ ಬಹಿರಂಗವಾಗಿ ಹೇಳಿದ್ದರು.

ಸಮೃದ್ಧೀಕರಣ ಎಂದರೆ, ನೈಸರ್ಗಿಕ ಯುರೇನಿಯಂನಲ್ಲಿ ನೂರಕ್ಕೆ 0.7ರಷ್ಟು ಮಾತ್ರ ಇರುವ ಯುರೇನಿಯಂ-235ರ ಪಾಲನ್ನು ಹೆಚ್ಚಿಸುವುದು. ಯುರೇನಿಯಂ ಅನ್ನು ಫ್ಲೋರಿನ್ ಜೊತೆ ಸೇರಿಸಿ ಅನಿಲ ಮಾಡಿ, ಅತಿ ವೇಗದ ಯಂತ್ರಗಳಲ್ಲಿ ತಿರುಗಿಸಿ ಹಗುರವಾದದ್ದನ್ನು ಬೇರೆ ಮಾಡುತ್ತಾರೆ. ಇಲ್ಲಿ ಅಣು ಒಡೆಯುವುದಿಲ್ಲ. ಆದ್ದರಿಂದ ಸೀಸಿಯಂ, ಸ್ಟ್ರಾನ್ಷಿಯಂ ಹುಟ್ಟುವುದಿಲ್ಲ, ತಣಿಸುವ ಕೊಳವೂ ಬೇಡ. ಕೈಗಾ ಉರಿಸುವುದು ನೈಸರ್ಗಿಕ ಯುರೇನಿಯಂ ಆದ್ದರಿಂದ ಅದರ ಇಂಧನಕ್ಕೂ ಈ ಘಟಕ ಬೇಕಿಲ್ಲ.

ಹಾಗೆಂದು ಚಿಂತೆಯೇ ಇಲ್ಲವೆಂದಲ್ಲ, ಇಲ್ಲಿಯ ಚಿಂತೆ ಬೇರೆ. ಆ ಅನಿಲ ಹೊರಬಂದರೆ ಗಾಳಿಯ ತೇವಕ್ಕೆ ಸೇರಿ ಸುಡುವ ಆಮ್ಲದ ಆವಿಯಾಗುತ್ತದೆ. 1986ರಲ್ಲಿ ಅಮೆರಿಕದ ಒಕ್ಲಹೋಮಾದ ಒಂದು ಘಟಕದಲ್ಲಿ ಈ ಅನಿಲದ ಸಿಲಿಂಡರ್ ಒಡೆದು ಒಬ್ಬ ಕಾರ್ಮಿಕ ಸತ್ತದ್ದು ಈ ಆವಿಯಿಂದ, ವಿಕಿರಣದಿಂದಲ್ಲ.

ಇದಕ್ಕಿಂತ ಹತ್ತಿರದ ಪ್ರಶ್ನೆ ಹುಲ್ಲುಗಾವಲಿನದು. ಕುರಿ, ದನ ಮೇಯಿಸಿ, ಕಂಬಳಿ ನೇಯ್ದು ಬದುಕುವ ಹಳ್ಳಿಗಳಿಗೆ ಕಾವಲೇ ಆಸರೆ. ಕೃಷ್ಣಮೃಗದಂಥ ಪ್ರಾಣಿಗಳಿಗೂ ಅದೇ ನೆಲೆ. ಬೇಲಿ ಬಿದ್ದ ದಿನವೇ ಆದ ನಷ್ಟವಿದು, ಇದಕ್ಕೆ ವಿಕಿರಣ ಮಾಪಕ ಬೇಕಿಲ್ಲ. ಈ ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಗಿ 2014ರ ಆಗಸ್ಟ್‌ನಲ್ಲಿ ತೀರ್ಪು ಬಂದಿದೆ.

ಇನ್ನೊಂದು ಮಾತು. 2006ರ ಪರಿಸರ ಅಧಿಸೂಚನೆಯ ಪ್ರಕಾರ ಅಣು ವಿದ್ಯುತ್ ಯೋಜನೆಗಳಿಗೂ ಅಣು ಇಂಧನ ಸಂಸ್ಕರಣೆಗೂ ಕೇಂದ್ರದ ಪರಿಸರ ಅನುಮತಿ ಬೇಕು. ಆದರೆ ರಕ್ಷಣೆ, ಭದ್ರತೆ ಅಥವಾ ಆಯಕಟ್ಟಿನ ಮಹತ್ವದ್ದೆಂದು ಕೇಂದ್ರ ಸರ್ಕಾರ ತೀರ್ಮಾನಿಸಿದ ಯೋಜನೆಗೆ ಜನರ ಅಹವಾಲು ಸಭೆಯಿಂದ ವಿನಾಯಿತಿ ಇದೆ. ಕೈಗಾದವರು ಸಭೆಯಲ್ಲಿ ಎದ್ದು ನಿಂತು ಕೇಳಿದಂತೆ ಕೇಳುವ ಅವಕಾಶ ಇಂಥ ಯೋಜನೆಗಳಲ್ಲಿ ಸಿಗದೇ ಹೋಗಬಹುದು.

ಬೋರ್‌ವೆಲ್ ನೀರನ್ನು ಈಗಲೇ ಏಕೆ ಅಳೆಯಬೇಕು?

ಪೂರ್ವ ಕರ್ನಾಟಕದ ಬಯಲುಸೀಮೆಯ ಅಂತರ್ಜಲದಲ್ಲಿ ಯುರೇನಿಯಂ ಆಗಲೇ ಇದೆ. ಯಾವ ಕಾರ್ಖಾನೆಯೂ ಹಾಕಿದ್ದಲ್ಲ, ಗ್ರಾನೈಟ್ ಬಂಡೆಗಳಿಂದ ಕರಗಿ ಬಂದದ್ದು. ಬೆಂಗಳೂರಿನ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 73 ಹಳ್ಳಿಗಳ ನೀರು ಪರೀಕ್ಷಿಸಿದಾಗ 57 ಹಳ್ಳಿಗಳಲ್ಲಿ ಯುರೇನಿಯಂ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ ಲೀಟರಿಗೆ 30 ಮೈಕ್ರೋಗ್ರಾಂ ದಾಟಿತ್ತು. ಚಿತ್ರದುರ್ಗ ಜಿಲ್ಲೆಗೆ ಫ್ಲೋರೈಡ್ ಕಾಟವೂ ಹಳೆಯದು. ಅದೂ ಬಂಡೆಯ ಕೊಡುಗೆಯೇ.

ಈಗ ಯೋಚಿಸಿ. ಹತ್ತು ವರ್ಷದ ನಂತರ ಯಾರೋ ಬಾವಿಯ ನೀರು ಪರೀಕ್ಷೆ ಮಾಡಿಸಿ ಯುರೇನಿಯಂ, ಫ್ಲೋರೈಡ್ ಇದೆ ಎಂದರೆ, "ಘಟಕದಿಂದ ಬಂತು" ಎಂದು ಒಬ್ಬರು, "ಮೊದಲಿಂದಲೂ ಇತ್ತು" ಎಂದು ಇನ್ನೊಬ್ಬರು. ಇವತ್ತಿನ ಅಳತೆ ಕೈಯಲ್ಲಿಲ್ಲದಿದ್ದರೆ ಸತ್ಯ ಯಾರ ಪಾಲಿಗೂ ಸಿಗುವುದಿಲ್ಲ. ನಷ್ಟವಾಗುವುದು ಆ ನೀರು ಕುಡಿದವರಿಗೆ.

ಮನೆಮಟ್ಟಿಗೆ ಒಂದು ಸೂಚನೆ: ನೀರು ಕುದಿಸಿದರೆ ಯುರೇನಿಯಂ, ಫ್ಲೋರೈಡ್ ಹೋಗುವುದಿಲ್ಲ. ಚೆನ್ನಾಗಿ ನಿರ್ವಹಿಸಿದ ಆರ್‌ಒ ಘಟಕ ಎರಡನ್ನೂ ಬಹುಮಟ್ಟಿಗೆ ತೆಗೆಯುತ್ತದೆ.

ಯಾರನ್ನು, ಏನು ಕೇಳಬೇಕು?

ಉಳ್ಳಾರ್ತಿ, ಚಳ್ಳಕೆರೆ ಭಾಗದವರು:
• ಗ್ರಾಮಸಭೆಯಲ್ಲಿ ಠರಾವು ಮಾಡಿ, ಪ್ರತಿ ಊರಿನ ಕುಡಿಯುವ ನೀರಿನ ಬೋರ್‌ವೆಲ್‌ಗೆ ಯುರೇನಿಯಂ ಮತ್ತು ಫ್ಲೋರೈಡ್ ಪರೀಕ್ಷೆ ಕೇಳಿ. ದಿನಾಂಕ ಸಹಿತ ವರದಿಯನ್ನು ಪಂಚಾಯಿತಿಯಲ್ಲಿ ಇಡಿಸಿ.
• ಅನಿಲ ಸೋರಿದರೆ ಯಾವ ಆಸ್ಪತ್ರೆ, ಯಾವ ದಾರಿ, ಯಾರ ಫೋನ್ ಎಂಬ ತುರ್ತು ಯೋಜನೆಯನ್ನು ಜಿಲ್ಲಾಡಳಿತದಿಂದ ಕೇಳಿ.

ಕೈಗಾ, ಕಾರವಾರ ಭಾಗದವರು:
• ಈಗಿನ ಕೊಳಗಳಲ್ಲಿ ಎಷ್ಟು ವರ್ಷದ ಇಂಧನವಿದೆ, ಎಷ್ಟು ಜಾಗ ಉಳಿದಿದೆ?
• ಒಣ ಸಂಗ್ರಹ ಯಾವಾಗ? ಇಂಧನ ಕೈಗಾ ಬಿಟ್ಟು ಹೋಗುವ ಕೊನೆಯ ದಿನಾಂಕ ಯಾವುದು?
• ಕೊಳದ ಸುತ್ತ ಎಷ್ಟು ಪರೀಕ್ಷಾ ಬಾವಿಗಳಿವೆ? ಫಲಿತಾಂಶ ಎಲ್ಲಿ ಸಿಗುತ್ತದೆ?

ಈ ಪ್ರಶ್ನೆಗಳನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಅರ್ಜಿಯಲ್ಲಿ ಕೇಳಬಹುದು. ಭದ್ರತೆಯ ಕಾರಣ ಕೊಟ್ಟು ಕೆಲವಕ್ಕೆ ಉತ್ತರ ನಿರಾಕರಿಸಬಹುದು. ಆದರೆ ನೀವು ಕುಡಿಯುವ ನೀರಿನ ವರದಿ ಯಾವ ದೇಶದ ರಹಸ್ಯವೂ ಅಲ್ಲ.

ಕೈಗಾದ ಚರ್ಚೆ ಹೊಸದೂ ಅಲ್ಲ. ಶಿವರಾಮ ಕಾರಂತರು 1989ರಲ್ಲಿ ಕೈಗಾ ಸ್ಥಾವರವನ್ನು ವಿರೋಧಿಸಿ ಲೋಕಸಭಾ ಚುನಾವಣೆಗೇ ನಿಂತಿದ್ದರು. ಅವರು ಸೋತರು, ಸ್ಥಾವರ ಬಂತು. ಪರ ಇರಲಿ, ವಿರೋಧ ಇರಲಿ, ಮುಂದಿನ ಸಲ ಈ ವಿಷಯದ ಸಂದೇಶ ಬಂದಾಗ ಮೂರು ಪ್ರಶ್ನೆ ಹಾಕಿಕೊಳ್ಳಿ. ಯಾವ ಊರಿನ ಮಾತು? ಬಳಸಿದ ಇಂಧನವೋ, ಸಮೃದ್ಧೀಕರಣವೋ, ರಿಯಾಕ್ಟರೋ? ಅಳತೆ ಇದೆಯೋ, ಬರೀ ಹೆದರಿಕೆಯೋ? ಮೂರಕ್ಕೂ ಉತ್ತರ ಇಲ್ಲದ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ. ಅದರ ಬದಲು ನಿಮ್ಮೂರಿನ ನೀರಿನ ವರದಿಯ ಫೋಟೋ ಗುಂಪಿಗೆ ಹಾಕಿ.